ಭೀಮಲಿಂಗಪ್ಪನ ತಾಯ್ತ

೧೪ ಅಕ್ಟೋಬರ್ ೨೦೨೫, ಮಂಗಳವಾರ

ಅವ್ವನ ತಲೆನೋವಿಗೆ ಗಾಳಿ ಸೋಕಿದೆಯೆಂದು ಹಣೆಗೆ ಬರೆ ಹಾಕಿದ್ದ ಆಸ್ಪರಿಯ ಮಂತ್ರವಾದಿ ಭೀಮಲಿಂಗಪ್ಪ ಇವತ್ತು ತನ್ನ ತಲೆನೋವಿಗೆ ನಾನು ಕೆಲಸ ಮಾಡುವ ಸ್ಕ್ಯಾನ್ ಸೆಂಟರಿಗೇ ಬಂದ. ಬರೆ ಹಾಕಿದ ಮೂರನೇ ದಿನ ಮೆದುಳಿನ ರಕ್ತನಾಳ ಒಡೆದು ಅವ್ವ ಹೋಗಿದ್ದಳು.

ಸ್ಕ್ಯಾನಿಗೆ ಮುಂಚೆ ಅವನ ತೋಳಿನ ತಾಯ್ತ ನಾನೇ ಬಿಚ್ಚಿಸಿದೆ. ಅದಿಲ್ಲದೆ ಒಳಗೆ ಹೋಗಲು ಅವನು ಹೆದರಿದ. ನೋಡಿ ಹೊಟ್ಟೆ ತಣ್ಣಗಾಯಿತು.

ಅವನ ಮೆದುಳಿನಲ್ಲಿ ಊದಿದ ರಕ್ತನಾಳವೊಂದಕ್ಕೆ ಎಐ ಕೆಂಪು ಗುರುತು ಹಾಕಿತು. ಡಾಕ್ಟರೂ ನೋಡಿ, "ಒಡೆಯಾಕ ಮುಂಚೇನ ಸಿಕ್ಕೈತಿ, ಉಳೀತಾರ" ಎಂದರು.

ಉಳಿಯಲಿ. ಸತ್ತರೆ ನನ್ನ ಕೈಗೆ ಸಿಗುವುದಿಲ್ಲ.

"ನನ್ನ ತಾಯ್ತ ಕೊಡಮ್ಮಾ," ಎಂದ ಭೀಮಲಿಂಗಪ್ಪ.

"ಬರೆ ಹಾಕೋ ಕಬ್ಬಿಣ ತಂದು ಕೊಡ್ರಿ, ಆಮ್ಯಾಲ ಕೊಡ್ತೀನಿ. ನಾನು ಬಸವಕ್ಕನ ಮಗಳು."

ಅವನ ಮುಖ ಬಿಳಿಚಿಕೊಂಡಿತು.

ತಾಯ್ತ ಈಗ ಅವ್ವನ ಫೋಟೋದ ಮುಂದಿದೆ. ಕಬ್ಬಿಣ ತಂದರೂ ಕೊಡುವುದಿಲ್ಲ. ಅವನೂ ತಲೆ ಹಿಡಿದುಕೊಂಡು ಒಂದಿಷ್ಟು ದಿನ ಹೆದರಲಿ, ಅವ್ವ ಹೆದರಿದ ಹಾಗೆ...