ಬಗ್ಗಿದ ಹುಡುಗಿ

ಜುಲೈ 5, 2025, ಶನಿವಾರ. ಮಕ್ತಲ್.

ಶಾಲೆಯಲ್ಲಿ ಮಕ್ಕಳಿಗೆ ನೀತಿಯ ಸಿನಿಮಾ ತೋರಿಸುವ 'ಸಿನಿಮಾ ಶನಿವಾರ', ಮೂರನೆಯದು. ಎಂಟು ಮತ್ತು ಒಂಬತ್ತನೇ ತರಗತಿ ಸೇರಿ ಹಾಜರಿ 41. ಕಿಟಕಿಗೆ ಕಂಬಳಿ ಕಟ್ಟಿದರೂ ಬೆಳಕು ನುಗ್ಗುತ್ತದೆ. ಪ್ರೊಜೆಕ್ಟರ್ ಎರಡು ಸಲ ನಿಂತಿತು. ಇವತ್ತಿನದು ಸುಳ್ಳು ಹೇಳದ ಟಾಂಗಾವಾಲಾನ ಕಥೆ. ಕಪ್ಪು-ಬಿಳುಪು. ಮಕ್ಕಳು ಅತ್ತಿದ್ದು ಕುದುರೆ ಬಿದ್ದಾಗ ಮಾತ್ರ. ಬೋರ್ಡಿನ ಮೇಲೆ ಇವತ್ತಿನ ಮೌಲ್ಯ 'ಪ್ರಾಮಾಣಿಕತೆ' ಎಂದು ಬರೆದೆ.

ಹೆಡ್‌ಮಾಸ್ಟರ್ ಗುರುಪ್ರಸಾದ ಸರ್ ಕೊನೆಗೆ ಬಂದರು. ಅವರು ಬರುವ ಕೋಸಗಿ ಬಸ್ ತಡ.

"ಎಡಗೈ ಟೀಚರ್, ಬೋರ್ಡ್ ಅಳಿಸಬ್ಯಾಡ್ರಿ. ಫೋಟೋ ಹೊಡ್ಕೋತೀನಿ, ಮ್ಯಾಲಿನವ್ರಿಗೆ ಕಳಸಾಕ."

ಎಡಗೈಯಲ್ಲಿ ಬರೆಯುವ ಟೀಚರ್ ಎಂಬ ಈ ಜೋಕಿಗೆ ಹನ್ನೊಂದು ವರ್ಷವಾಯಿತು.

ಆಮೇಲೆ ಹೇಳಿದರು — 19ಕ್ಕೆ 'ಹೊಳೆಯ ಸಾಕ್ಷಿ' ಹಾಕಬೇಕಂತೆ. "ನಮ್ಮ ಗದ್ವಾಲದಾಗ ತೆಗ್ದಿದ್ದು ರೀ! ಎಪ್ಪತ್ತೈದರಾಗ. ಯಾರೋ ಪುಣ್ಯಾತ್ಮ ನೆಟ್‌ಗೆ ಹಾಕ್ಯಾನ. ನಮ್ಮ ಮಂದಿನ ಅದಾರ ಅದ್ರಾಗ."

ಹಾಕೋಣ ಎಂದೆ.

ಜುಲೈ 9, ಬುಧವಾರ.

ಪ್ರಿಂಟ್ ಸರಿ ಇಲ್ಲ, ಧ್ವನಿ ಒಡೆಯುತ್ತದೆ ಎಂದು ಸರ್‌ಗೆ ಹೇಳಿದೆ. ಅವರು ಫೋನಿನಲ್ಲೇ ಹಾಕಿ ತೋರಿಸಿದರು. ಧ್ವನಿ ಚೆನ್ನಾಗಿತ್ತು. ನಾನು ಪರದೆ ನೋಡಲಿಲ್ಲ. ಕಿಟಕಿ ನೋಡಿದೆ.

ಈ ಸಿನಿಮಾ ನಾನು ಇದುವರೆಗೂ ನೋಡಿಲ್ಲ. 1976ರಲ್ಲಿ ಮಕ್ತಲ್ ಟೆಂಟ್ ಟಾಕೀಸಿಗೆ ಬಂದಾಗ ಮನೆಯವರೆಲ್ಲ ಗದ್ವಾಲದಿಂದ ಬಂಡಿ ಕಟ್ಟಿಕೊಂಡು ಹೋದರು. ನಾನು ಜ್ವರ ಎಂದು ಮಲಗಿದ್ದೆ. ಜ್ವರ ಇರಲಿಲ್ಲ.

ಜುಲೈ 19, ಶನಿವಾರ. ಸಂಜೆ 5.

ಹಾಕಿದೆ. ನೋಡಿದೆ. ಸ್ವಿಚ್ ಬಳಿ ನಿಂತು.

ಕಥೆ ಇಷ್ಟು: ಊರಮ್ಮನ ಕಾಲ್ಗೆಜ್ಜೆ ಕದ್ದಳೆಂದು ಒಬ್ಬ ವಿಧವೆಯ ಮೇಲೆ ಆರೋಪ. ಊರವರು ಕಲ್ಲು ತೂರುತ್ತಾರೆ. ಅವಳ ಸೆರಗು ಹಿಡಿದ ಮಗಳಿಗೆ ಒಂದು ಕಲ್ಲು ಬೀಳುತ್ತದೆ. ನಿಜವಾದ ಕಳ್ಳ ಹೊಳೆಯ ದಂಡೆಯಲ್ಲಿ ಒಪ್ಪಿಕೊಳ್ಳುತ್ತಾನೆ. ನೀತಿ: ವಿಚಾರಿಸದೆ ಕಲ್ಲೆತ್ತಬಾರದು.

ಕಲ್ಲಿನ ದೃಶ್ಯ ಬರುವುದು ಒಂದು ಗಂಟೆ ಹದಿನಾಲ್ಕನೇ ನಿಮಿಷಕ್ಕೆ. ಮಕ್ಕಳು ಅತ್ತರು. ಮಗಳು ಬೀಳುವ ರೀತಿ ನೋಡಿ ಅಳದವರಿಲ್ಲ — ಅಷ್ಟು ನೈಜವಾಗಿದೆ.

ದೀಪ ಹಾಕಿದ ಮೇಲೆ ಪ್ರಶ್ನೋತ್ತರ. ಒಂಬತ್ತನೇ ತರಗತಿ ಮಲ್ಲೇಶ್ವರಿ ಕೈ ಎತ್ತಿದಳು. ಕುರಿಗಾರರ ಮನೆಯವಳು, ಧನ್ವಾಡ ಕಡೆಯಿಂದ ಬಂದು ಅಜ್ಜಿ ಮನೆಯಲ್ಲಿ ಓದುತ್ತಾಳೆ.

"ಟೀಚರ್, ಎಲ್ಲಾರೂ ಉಡಿಯಾಗಿಂದ ಕಲ್ಲು ತಗದು ಒಗಿತಾರ. ಮೂಲಿಯಾಗಿನ ಒಬ್ಬಾಕಿ ಹುಡುಗಿ ನೆಲಕ್ಕ ಬಗ್ತಾಳ. ಯಾಕ್ರೀ?"

"ಯಾವ ಹುಡುಗಿ? ನನಗೇನೂ ಕಾಣಲಿಲ್ಲ."

"ಎಡಕ್ಕ, ಕೊನೀಗೆ. ನಮ್ಮ ಹಿಂಡಿನ್ಯಾಗ ಮುನ್ನೂರು ಕುರಿ ಅದಾವ್ರಿ. ಒಂದು ತಲಿ ತಗ್ಗಿಸಿದ್ರ ಗೊತ್ತಾಗ್ತೈತಿ."

ಎಲ್ಲರೂ ನಕ್ಕರು. "ಸಿನಿಮಾದವರು ಹಾಗೆ ಮಾಡೋಕೆ ಹೇಳಿರ್ತಾರೆ" ಎಂದೆ.

ಬೋರ್ಡಿನ ಮೇಲೆ ಇವತ್ತಿನ ಮೌಲ್ಯ 'ಸತ್ಯ'. ನನ್ನದೇ ಅಕ್ಷರ.

ಜುಲೈ 20, ಭಾನುವಾರ.

ಮಲಗಲಿಲ್ಲ. ಬರೆಯುತ್ತೇನೆ. ಯಾರೂ ಓದುವುದಿಲ್ಲ.

ಅಪ್ಪ ಗದ್ವಾಲದಲ್ಲಿ ಮೇಷ್ಟ್ರಾಗಿದ್ದರು. ದಿನಾ ರಾಯಚೂರು ಬಸ್ಸಿನಲ್ಲಿ ಬರುತ್ತಿದ್ದ ಪೇಪರನ್ನು ನನ್ನಿಂದ ಗಟ್ಟಿಯಾಗಿ ಓದಿಸುತ್ತಿದ್ದರು. ಸುದ್ದಿ ಅಂದರೆ ಯಾರು, ಏನು, ಎಲ್ಲಿ, ಯಾವಾಗ. 'ಏಕೆ' ಎಂಬುದು ಕೊನೆಗೆ, ಗೊತ್ತಿದ್ದರೆ ಮಾತ್ರ. ಹಾಗೆಯೇ ಬರೆಯುತ್ತೇನೆ.

ಫೆಬ್ರವರಿ 1975. ಗದ್ವಾಲದ ಹೊರಗಿನ ಬಯಲು. ಶೂಟಿಂಗ್ ನಾಲ್ಕು ದಿನ. ಗುಂಪಿಗೆ ನೇಕಾರರ ಕೇರಿಯ ಜನ, ಕುರುಬರು, ನಾವು ಮಕ್ಕಳು. ತೂರುವ ಕಲ್ಲು ಸುಳ್ಳು ಕಲ್ಲು. ನಮ್ಮ ಎದುರು ಮನೆಯ ಮಾರ್ಕಂಡೇಯ ಮಾಮ ಮಾಡಿದ್ದು. ಮಗ್ಗದಲ್ಲಿ ಉಳಿದ ತುಂಡು ನೂಲನ್ನು ಉಂಡೆ ಸುತ್ತಿ, ಹುಣಸೆಬೀಜದ ಗಂಜಿಯಲ್ಲಿ ಅದ್ದಿ, ಮಸಿ ಬಳಿದು ಬಿಸಿಲಿಗೆ ಒಣಗಿಸಿದ. ನೋಡಲು ಥೇಟ್ ಕಲ್ಲು. ಕೈಯಲ್ಲಿ ಹಿಡಿದರೆ ಗುಬ್ಬಿಯಷ್ಟು ಹಗುರ. ತಲೆಗೆ ಎರಡರಂತೆ ಉಡಿಗೆ ಹಾಕಿದರು. ಯಾರೂ ಬಗ್ಗುವ ಅಗತ್ಯವಿರಲಿಲ್ಲ.

ಸಿನಿಮಾದಲ್ಲಿ ಮಗಳಾಗಿದ್ದು ಮಾಮನ ಮಗಳು ಅನಂತಮ್ಮ. ಹನ್ನೆರಡು ವರ್ಷ. ಕಲ್ಲು ಬಲಗಣ್ಣಿಗೆ ಬಿತ್ತು. ಕಣ್ಣು ಹೋಯಿತು.

ಉಂಡೆಯೊಳಗೆ ಕಲ್ಲಿತ್ತು ಎಂದರು ಸಿನಿಮಾದವರು. ನೂಲು ಉಳಿಸಲು ಮಾರ್ಕಂಡೇಯ ನಡುವೆ ಹರಳು ಇಟ್ಟಿದ್ದ ಎಂದರು ಊರವರು. ಮಾಮ ಮಾತು ಕಡಿಮೆ. ಮರುದಿನ ಕೇರಿಯ ನಡುವೆ ಕೂತು ಉಳಿದ ಉಂಡೆಗಳನ್ನು ಒಂದೊಂದಾಗಿ ಬಿಚ್ಚಿದ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ. ಒಂದರಲ್ಲೂ ಕಲ್ಲಿರಲಿಲ್ಲ. "ಇವುಗಳಾಗ ಇಲ್ಲ ಬಿಡು, ಆ ಒಂದ್ರಾಗ ಇತ್ತಲ್ಲ" ಎಂದು ಯಾರೋ ಅಂದರು. ಅವನು ಬಿಚ್ಚುತ್ತಲೇ ಇದ್ದ.

ನಾನು ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದೆ. ನನಗಾಗ ಹತ್ತು ವರ್ಷ.

ಅದು ಉಂಡೆಯಲ್ಲ. ನೆಲದ ಕಲ್ಲು. ಬಗ್ಗಿದ ಹುಡುಗಿ ನಾನು.

ಜುಲೈ 28, ಸೋಮವಾರ.

ಏಳು ದಿನ ಬರೆಯಲಿಲ್ಲ. ಶಾಲೆಗೆ ಹೋದೆ, ಬಂದೆ. ಪಾಠ ನಡೆಯಿತು.

ಪ್ರಾರ್ಥನೆಯ ಸಾಲಿನಲ್ಲಿ ಯಾವುದೇ ಹುಡುಗಿ ಚಪ್ಪಲಿ ಸರಿಪಡಿಸಲು ಬಗ್ಗಿದರೆ ನಾನು ಮುಖ ತಿರುಗಿಸುತ್ತೇನೆ. ಇವತ್ತು ಸೀಮೆಸುಣ್ಣ ಬಿತ್ತು. ನಾನು ಎತ್ತಲಿಲ್ಲ. ಹೊಸದು ತೆಗೆದುಕೊಂಡೆ. ಅದೂ ಬಿತ್ತು.

ಸಂಜೆ ಸರ್ ಕರೆದರು. ಬಹಳ ಖುಷಿಯಲ್ಲಿದ್ದರು.

"ಟೀಚರ್, ಸಿನಿಮಾದಾಗಿನ ಆ ಹುಡುಗಿ ಇನ್ನೂ ಅದಾಳಂತ, ಗದ್ವಾಲದಾಗ! ಆಗಸ್ಟ್ ಹದಿನೈದಕ್ಕ ಕರಸೋಣು. ಶಾಲು, ಹಾರ, ಸಿನಿಮಾ ತುಣುಕು. ನಿಮ್ಮ ಓಣಿಯಾಕಿ ಅಂತಲ್ಲ? ನೀವ ಹೋಗಿ ಹೇಳಿ ಬರ್ರಿ."

"ಬೇರೆ ಯಾರನ್ನಾದರೂ..."

"ನೀವು ಹೇಳಿದ್ರ ಆಕಿ ಇಲ್ಲ ಅನ್ನಂಗಿಲ್ಲ."

ಆಗಸ್ಟ್ 3, ಭಾನುವಾರ. ರಾತ್ರಿ ಊಟವಾದ ಮೇಲೆ.

9.20ರ ಬಸ್. ಜುರಾಲ ಡ್ಯಾಮಿನ ಮೇಲೆ ಹೋಗುವಾಗ ಗೇಟುಗಳು ತೆರೆದಿದ್ದವು. ಫೋಟೋಗೆಂದು ಎಲ್ಲರೂ ಫೋನ್ ಎತ್ತಿದರು.

ಅನಂತಮ್ಮನ ಮನೆ ಈಗ ಬೇರೆ ಕೇರಿಯಲ್ಲಿ, ತಮ್ಮನ ಮಗ ಬಾಲರಾಜನ ಜೊತೆ. ಪಡಸಾಲೆಯಲ್ಲಿ ರಾಟೆ ಮುಂದೆ ಕೂತು ನೂಲು ಸುತ್ತುತ್ತಿದ್ದಳು. ಬಲಗಣ್ಣಿನ ಜಾಗ ಮುಚ್ಚಿಕೊಂಡಿದೆ. ತಲೆ ಪೂರ್ತಿ ತಿರುಗಿಸಿ ನೋಡಿದಳು.

"ಯಾರು... ಮಾಧೀ? ಮೇಷ್ಟ್ರ ಮಗಳು ಮಾಧವಿ? ಬಾಗುನ್ನಾವಾ? ಆರಾಮಿದೀಯೇನ? ಎಷ್ಟು ದಪ್ಪ ಆಗೀಯಲೇ! ಸರ್ಕಾರದ ಪಗಾರ ಮೈಗೆ ಹತ್ತೈತಿ."

ಐವತ್ತು ವರ್ಷದಲ್ಲಿ ನಾಲ್ಕೋ ಐದೋ ಸಲ ನೋಡಿದ್ದೇನೆ. ಎಲ್ಲ ಮದುವೆ ಮನೆಗಳಲ್ಲಿ, ದೂರದಿಂದ.

ವಿಷಯ ಹೇಳಿದೆ. ಬಿದ್ದು ಬಿದ್ದು ನಕ್ಕಳು. "ನನಗ ಶಾಲಾ? ಬಿದ್ದದ್ದಕ್ಕ? ಬರಾಬರ್ ಐತಿ."

"ಸಿನಿಮಾ ನೋಡಿದ್ದೀಯಾ?"

"ನಾ ಬೀಳೋದನ್ನ ನಾನ ಯಾಕ ನೋಡ್ಲಿ? ಒಂದು ಕಣ್ಣು ಉಳದೈತಿ, ಅದನ್ನ ಅದಕ್ಯಾಕ ಹಾಳು ಮಾಡ್ಲಿ?"

ಚಹಾ ಕೊಟ್ಟಳು. ತಾನಾಗಿ ಹೇಳಿದಳು. ನಾನು ಕೇಳಲಿಲ್ಲ.

"ಸಿನಿಮಾದವ್ರ ಮ್ಯಾಲ ಸಿಟ್ಟಿಲ್ಲ ನನಗ. ನಮ್ಮಪ್ಪನ ಮ್ಯಾಲ. ಹಿಡಿ ನೂಲಿಗೆ ಮಗಳ ಕಣ್ಣು ಕಳದ. ಕಡೀಗೆ ಹಾಸಿಗಿ ಹಿಡದಾಗ ನಾ ಇದ್ದ ರಾಜೋಳಿಗೆ ಎರಡು ಸಲ ಕರಿಯಾಕ ಕಳಸಿದ್ದ. ನಾ ಹೋಗ್ಲಿಲ್ಲ. ಮಣ್ಣಿಗೂ ಹೋಗ್ಲಿಲ್ಲ."

ಮಾಮ ತೀರಿದ್ದು 1998ರಲ್ಲಿ.

ಎದ್ದು ಒಳಗಿಂದ ಒಂದು ತಗಡಿನ ಡಬ್ಬಿ ತಂದಳು. ಒಳಗೆ ಅರಿವೆಯಲ್ಲಿ ಕರಿ ಉಂಡೆ.

"ಅವತ್ತ ನಮ್ಮಪ್ಪ ಎಲ್ಲಾನೂ ಬಿಚ್ಚಿದ್ನಲ್ಲ, ಇದು ನನ್ನ ದಿಂಬಿನ ಕೆಳಗ ಉಳೀತು. ಬಿಚ್ಚಿಲ್ಲ."

"ಯಾಕೆ?"

"ಇದ್ರಾಗ ಕಲ್ಲಿದ್ರ ಸರಿ. ಇಲ್ಲದಿದ್ರ... ಇಲ್ಲದಿದ್ರ ನಾ ಏನು ಮಾಡ್ಲಿ, ಹೇಳು?"

ಹಿಡಿ ಎಂದು ಕೊಟ್ಟಳು. ಎಡಗೈಗೆ ತಗೊಂಡೆ. ಗುಬ್ಬಿಯಷ್ಟು ಹಗುರ. ಕೈಗೆ ಈ ತೂಕ ಗೊತ್ತಿದೆ. ಇನ್ನೊಂದು ತೂಕವೂ ಗೊತ್ತಿದೆ.

ಹೇಳಬೇಕಿತ್ತು. ಹೇಳಿದ್ದು ಇದು: ಬಸ್ಸು ಹನ್ನೆರಡೂವರೆಗೆ, ಹೊರಡುತ್ತೇನೆ.

"ಬರ್ತೀನಿ ಹದಿನೈದಕ್ಕ" ಎಂದಳು. "ಅರವತ್ತೆರಡಾತು. ನೋಡೇ ಬಿಡೋಣು ಒಮ್ಮೆ."

ಆಗಸ್ಟ್ 10, ಭಾನುವಾರ. ಮಧ್ಯಾಹ್ನ.

ಫೋನಿನಲ್ಲಿ ಆ ತುಣುಕು. ಒಂಬತ್ತು ಸೆಕೆಂಡು. ಎಷ್ಟು ಸಲ ನೋಡಿದೆ ಎಂದು ಎಣಿಸಿಲ್ಲ. ಎಣಿಸದೇ ಇದ್ದದ್ದು ಇದೇ ಮೊದಲು.

ಎಡ ಮೂಲೆ. ಎರಡು ಜಡೆ. ಉಡಿಯಲ್ಲಿ ಎರಡು ಉಂಡೆ ಉಬ್ಬಿ ಕಾಣುತ್ತವೆ. ಬಗ್ಗುತ್ತಾಳೆ. ಏಳುತ್ತಾಳೆ. ಕೈ ಬೀಸುತ್ತಾಳೆ. ಆಮೇಲೆ ಒಬ್ಬ ಗಂಡಸು ಅಡ್ಡ ಬರುತ್ತಾನೆ.

ನನಗೆ ಗೊತ್ತಿರಲಿಲ್ಲ, ನೆಲಕ್ಕೆ ಬಿದ್ದ ಉಂಡೆ ಅಂದುಕೊಂಡಿದ್ದೆ — ಹೀಗೆಂದು ಎಷ್ಟೋ ವರ್ಷ ನಂಬಿದ್ದೆ. ಪೂರ್ತಿ ನಂಬಿದ್ದೆ ಎಂದೇ ಹೇಳಬೇಕು. ಸಿನಿಮಾ ನಂಬುವುದಿಲ್ಲ. ಅವಳು ಒಂದು ಕಲ್ಲು ಮುಟ್ಟಿ ಬಿಡುತ್ತಾಳೆ. ಪಕ್ಕದ ದೊಡ್ಡದನ್ನು ಆರಿಸುತ್ತಾಳೆ.

ಫೋನ್ ಆಫ್ ಮಾಡಿದರೆ ಕಪ್ಪು ಗಾಜಿನಲ್ಲಿ ನನ್ನ ಮುಖ. ಅದೇ ಹಣೆ.

ಆಗಸ್ಟ್ 13, ಬುಧವಾರ.

ಬಿಡುವಿನಲ್ಲಿ ಮಲ್ಲೇಶ್ವರಿ ಸ್ಟಾಫ್‌ರೂಮಿಗೆ ಬಂದಳು. ನೋಟ್ಸ್ ತೋರಿಸುವ ನೆಪ. ನಾನು ತಿದ್ದುತ್ತಿದ್ದೆ. ಅವಳು ನನ್ನ ಕೈ ನೋಡುತ್ತಿದ್ದಳು.

"ಟೀಚರ್, ಆ ಹುಡುಗಿ ಎಡಗೈಲೆ ಒಗಿತಾಳ್ರಿ."

ಪೆನ್ನು ನಿಂತಿತು.

"ಯಾರಿಗಾದರೂ ಹೇಳಿದ್ಯಾ?"

"ಇಲ್ರಿ." ನೋಟ್ಸಿಗೆ ಕೈ ಚಾಚಿ, "ನೀವ ಹೇಳ್ತೀರಿ ಅಂತ ಸುಮ್ಮನಿದ್ದೀನ್ರಿ" ಎಂದಳು.

ನೋಟ್ಸ್ ತಗೊಂಡು ಹೋದಳು. ತಪ್ಪು ತಿದ್ದಿ ಮುಗಿದಿರಲೇ ಇಲ್ಲ.

ಆಗಸ್ಟ್ 15, ಶುಕ್ರವಾರ. ಸಂಜೆ 6.30.

8.30ಕ್ಕೆ ಧ್ವಜ. ಭಾಷಣ ಮೂರು. ಅನಂತಮ್ಮ ಗದ್ವಾಲ ಸೀರೆ ಉಟ್ಟು ಬಂದಿದ್ದಳು. ಸರ್ ಶಾಲು ಹೊದಿಸಿದರು. "ನಮ್ಮ ಭಾಗದ ಮಹಾನ್ ಕಲಾವಿದೆ" ಎಂದರು. ಅವಳು ಮೈಕಿನಲ್ಲಿ, "ನಾ ಬಿದ್ದದ್ದಷ್ಟ ರೀ, ಆ್ಯಕ್ಟಿಂಗ್ ಮಾಡಿಲ್ಲ" ಎಂದಳು. ಭಾರಿ ಚಪ್ಪಾಳೆ.

10.10ಕ್ಕೆ ಹಾಲ್‌ನಲ್ಲಿ ಸಿನಿಮಾ ತುಣುಕು. ಅವಳು ಮುಂದಿನ ಸಾಲು, ತಲೆ ಬಲಕ್ಕೆ ತಿರುಗಿಸಿ. ಮಗಳು ಬಿದ್ದಳು. ಮಕ್ಕಳು ಅತ್ತರು.

"ಇನ್ನೊಮ್ಮೆ ಹಾಕ್ರಿ" ಎಂದಳು.

ಹಾಕಿದೆವು. ಮತ್ತೂ ಕೇಳಿದಳು. ಮೂರನೇ ಸಲ ಅವಳು ತನ್ನನ್ನು ನೋಡಲಿಲ್ಲ. ಎಡ ಮೂಲೆ ನೋಡಿದಳು. ಆಮೇಲೆ ತಲೆ ಪೂರ್ತಿ ತಿರುಗಿಸಿ, ಸ್ವಿಚ್ ಬಳಿ ನಿಂತಿದ್ದ ನನ್ನನ್ನು ನೋಡಿದಳು.

ಸ್ಟಾಫ್‌ರೂಮ್. ನಾವಿಬ್ಬರೇ. ಬಾಗಿಲು ಹಾಕಿದೆ. ನಿಂತೇ ಹೇಳಿದೆ.

"ಕಲ್ಲು ನನ್ನದು. ನೆಲದಿಂದ ತಗೊಂಡೆ. ನಿಮ್ಮಪ್ಪ ಏನೂ ಇಟ್ಟಿರಲಿಲ್ಲ."

ಅವಳು ಚೀಲದಿಂದ ಡಬ್ಬಿ ತೆಗೆದು ಉಂಡೆಯನ್ನು ಮೇಜಿನ ಮೇಲಿಟ್ಟಳು. ತಂದೇ ಇದ್ದಳು.

"ನೀನ ಬಿಚ್ಚು."

ಕೂತು ಬಿಚ್ಚಿದೆ. ಗಂಜಿಗೆ ಗಟ್ಟಿಯಾದ ನೂಲು, ಉಗುರಲ್ಲಿ ಎಬ್ಬಿಸಬೇಕು. ಹೊರಗೆ ಮಸಿ, ಒಳಗೆ ಹೋದಂತೆ ಬಣ್ಣ — ಕೆಂಪು ತುಂಡು, ಹಳದಿ ತುಂಡು, ಅರ್ಧ ಗೇಣು ಜರಿ. ಇಪ್ಪತ್ತು ನಿಮಿಷ. ಹೊರಗೆ ಮಕ್ಕಳಿಗೆ ಲಾಡು ಹಂಚುತ್ತಿದ್ದರು. ಸರ್ ಒಮ್ಮೆ ಬಾಗಿಲು ಬಡಿದು, "ಟೀಚರ್, ಗ್ರೂಪ್ ಫೋಟೋ!" ಎಂದರು. ಯಾರೂ ಏಳಲಿಲ್ಲ.

ಕೊನೆಯ ಎಳೆ ಬೆರಳಿಂದ ಜಾರಿತು. ನಡುವೆ ಏನೂ ಇರಲಿಲ್ಲ.

ಅನಂತಮ್ಮ ಆ ನೂಲಿನ ಮೇಲೆ ಅಂಗೈ ಇಟ್ಟು ಒತ್ತಿದಳು. ಒಳಗೆ ಇನ್ನೂ ಇರಬಹುದು ಎಂಬಂತೆ ಹುಡುಕಿದಳು.

"ಎರಡು ಸಲ ಕರದಿದ್ದ" ಎಂದಳು. "ಎರಡು ಸಲ, ಮಾಧೀ."

ಆಮೇಲೆ ನೂಲೆಲ್ಲ ಡಬ್ಬಿಗೆ ತುಂಬಿ ಎದ್ದಳು. ಶಾಲು ಕುರ್ಚಿಯ ಮೇಲೆಯೇ ಬಿಟ್ಟಳು.

"ಬರದು ಕೊಡು. ಪೇಪರ್‌ನಾಗ ಬರೀತಾರಲ್ಲ, ಹಂಗ, ಹೆಸರು ಹಾಕಿ. ನಮ್ಮ ಕೇರಿಯಾಗ ನಿಂತು ನೀನ ಓದಬೇಕು. ಅವ ಕೂತು ಬಿಚ್ಚಿದ್ನಲ್ಲ, ಅದ ಜಾಗದಾಗ."

"ಓದ್ತೀನಿ."

ಬಾಗಿಲಲ್ಲಿ ತಿರುಗಿದಳು. "ಯಾಕ ಒಗದಿ? ಅದನ್ನೂ ಬರಿ. ಅದಿಲ್ಲದ ತರಬ್ಯಾಡ."

ಆಗಸ್ಟ್ 16, ಶನಿವಾರ. ರಜೆ. ಬೆಳಿಗ್ಗೆ 7.

ನಾಳೆ 9.20ರ ಬಸ್. ಕರಡು ಇಲ್ಲೇ ಬರೆಯುತ್ತೇನೆ, ಆಮೇಲೆ ಬಿಳಿ ಹಾಳೆಗೆ.

ಗದ್ವಾಲದ ನೇಕಾರ ದಿವಂಗತ ಮಾರ್ಕಂಡೇಯ ಅವರು ಸಿನಿಮಾಕ್ಕೆ ಮಾಡಿಕೊಟ್ಟ ನೂಲಿನ ಉಂಡೆಗಳಲ್ಲಿ ಯಾವ ಕಲ್ಲೂ ಇರಲಿಲ್ಲ. 1975ರ ಫೆಬ್ರವರಿಯಲ್ಲಿ, ಊರ ಹೊರಗಿನ ಬಯಲಿನಲ್ಲಿ ನಡೆದ ಶೂಟಿಂಗ್‌ನಲ್ಲಿ ಅವರ ಮಗಳು ಅನಂತಮ್ಮನ ಕಣ್ಣಿಗೆ ತಗುಲಿದ ಕಲ್ಲನ್ನು ನೆಲದಿಂದ ಎತ್ತಿ ಎಸೆದವಳು, ಎದುರು ಮನೆಯ ಮೇಷ್ಟ್ರ ಮಗಳು ಮಾಧವಿಯಾದ ನಾನು.

ಇಲ್ಲಿಯವರೆಗೆ ಸರಿ ಇದೆ. ತಿದ್ದುವುದು ಏನೂ ಇಲ್ಲ.

ಏಕೆ: ಆ ಪಾತ್ರಕ್ಕೆ ಮೊದಲು ಆರಿಸಿದ್ದು ನನ್ನನ್ನು. ಬೆಳಿಗ್ಗೆ ಅವಳ ಉದ್ದ ಜಡೆ ನೋಡಿ ಬದಲಾಯಿಸಿದರು. ಅದಕ್ಕೆ ಹೊಟ್ಟೆಕಿಚ್ಚಾಯಿತು.

ಹೊಡೆದು ಹಾಕಿದೆ. ಹೊಟ್ಟೆಕಿಚ್ಚು ನಿಜ. ಆದರೆ ಮಧ್ಯಾಹ್ನದ ಊಟಕ್ಕೆ ಅದು ಹೋಗಿತ್ತು. ಒಂದೇ ಎಲೆಯಲ್ಲಿ ಇಬ್ಬರೂ ಉಂಡೆವು. ಕಲ್ಲಿನ ದೃಶ್ಯ ತೆಗೆದದ್ದು ಊಟದ ನಂತರ.

ಈಗ ಮತ್ತೆ ನೋಡಿದೆ. ಬಗ್ಗಿ ಎದ್ದಾಗ ಆ ಹುಡುಗಿಯ ಮುಖದಲ್ಲಿ ಸಿಟ್ಟಿಲ್ಲ. ಸುತ್ತ ಎಲ್ಲರೂ ಸುಳ್ಳು ಸಿಟ್ಟು ಮಾಡುತ್ತಿದ್ದಾರೆ. ಅವಳೊಬ್ಬಳು ನಗುತ್ತಿದ್ದಾಳೆ.

ಏಕೆ: ಕೈಯಲ್ಲಿ ನಿಜವಾದ ಕಲ್ಲಿನ ಭಾರ ಬಂದಾಗ ನನಗೆ ಖುಷಿಯಾಯಿತು. ಅದಕ್ಕೇ ಎಸೆದೆ.