ದಕ್ಕೆಯಲ್ಲಿ ಈಗ ಯಾರೂ ನಗುವುದಿಲ್ಲ

ಮೆಕ್‌ಈಕನ್ ಕೋವ್, ಕೇಪ್ ಬ್ರೆಟನ್
ಜೂನ್ ೧೨, ಭಾನುವಾರ

ಪ್ರೀತಿಯ ಲಾಕಿ ಅಣ್ಣಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಆಲ್ಬರ್ಟಾದ ಆ ಎಣ್ಣೆಗಣಿ ಕ್ಯಾಂಪಿನಲ್ಲಿ ಈಗಲಾದರೂ ಮನುಷ್ಯರು ತಿನ್ನುವಂಥ ಮೀನು ಕೊಡುತ್ತಾರೋ, ಇಲ್ಲ ಇನ್ನೂ ಹಿಟ್ಟು ಮೆತ್ತಿದ ಡಬ್ಬಿ ಮೀನೇ ಗತಿಯೋ? ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ಫೋನ್ ಹಿಡಿದರೆ ನಾನು ಭಾಷಣ ಶುರುಮಾಡುತ್ತೇನೆ, ನೀನು ಅದನ್ನು ಮೇಜಿನ ಮೇಲಿಟ್ಟು ಟೀ ಮಾಡಿಕೊಳ್ಳಲು ಹೋಗುತ್ತೀಯ. ಗೊತ್ತಿಲ್ಲ ಅಂದುಕೊಳ್ಳಬೇಡ, ನೀರು ಕುದಿಯುವುದು ಇಲ್ಲಿಗೆ ಕೇಳಿಸುತ್ತದೆ. ಅದಕ್ಕೇ ಕಾಗದ.

ಅಪ್ಪ ನಿನಗೆ ಹೇಳಿದ್ದು ಸುಳ್ಳು. ಲಾಬ್‌ಸ್ಟರ್ ಹಿಡಿಯುವ ಪೆಟ್ಟಿಗೆ ಮೇಲೆತ್ತುವಾಗ ಎದೆಗೆ ಬಡಿದು ಗಂಟು ಕಟ್ಟಿದೆ, ಸಣ್ಣ ಆಪರೇಷನ್ನು ಎಂದನಂತೆ. ಯಾವ ಪೆಟ್ಟಿಗೆಯೂ ಬಡಿದಿಲ್ಲ. ಅಪ್ಪನಿಗೆ ಬಂದಿರುವುದು ಸ್ತನ ಕ್ಯಾನ್ಸರ್. ಹಿಂದಕ್ಕೆ ಹೋಗಿ ಮತ್ತೆ ಓದಬೇಡ, ಸರಿಯಾಗಿಯೇ ಓದಿದ್ದೀಯ. ಗಂಡಸಿಗೂ ತೊಟ್ಟಿನ ಹಿಂದೆ ಚೂರು ಸ್ತನದ ಭಾಗ ಇರುತ್ತದೆ, ರೋಗಕ್ಕೆ ಅಷ್ಟು ಜಾಗ ಸಾಕು. ಅಪರೂಪ, ಆದರೆ ಬರುತ್ತದೆ. ಅಪರೂಪವಾದ್ದರಿಂದಲೇ ಯಾರೂ ಅತ್ತ ನೋಡುವುದಿಲ್ಲ.

ಇಲ್ಲಿ ನೋಡದೇ ಇದ್ದವಳು ನಾನು. ಚರ್ಚಿನ ನೆಲಮಾಳಿಗೆಯಲ್ಲಿ ಹೆಂಗಸರನ್ನೆಲ್ಲ ಕೂರಿಸಿ ಎದೆ ಹೇಗೆ ಮುಟ್ಟಿ ನೋಡಿಕೊಳ್ಳಬೇಕೆಂದು ಹೇಳಿಕೊಟ್ಟವಳು ನಾನು. ಪ್ರತಿ ಮನೆಯ ಬಾಗಿಲಿಗೆ ಸ್ತನ ಕ್ಯಾನ್ಸರಿನ ಗುಲಾಬಿ ಬಣ್ಣದ ಕರಪತ್ರ ಸಿಕ್ಕಿಸಿ ಬಂದವಳು ನಾನು. ಅಮ್ಮ ಹೋದ ಮೇಲೆ ಅಪ್ಪನ ಬನಿಯನ್ನು ಒಗೆಯುವವಳೂ ನಾನೇ. ಎಡಗಡೆ ಅದೇ ಜಾಗದಲ್ಲಿ ಮತ್ತೆಮತ್ತೆ ಕಂದು ಕಲೆ. ತುಕ್ಕಿರಬೇಕು, ಮೀನಿನ ರಕ್ತವಿರಬೇಕು ಎಂದುಕೊಂಡು ಚಳಿಗಾಲವಿಡೀ ಸೋಪು ಹಚ್ಚಿ ತಿಕ್ಕಿದೆ. ನನ್ನ ಕರಪತ್ರದಲ್ಲಿ ಹೆಂಗಸಿನ ಚಿತ್ರವಿತ್ತು, ಅಪ್ಪನದಿರಲಿಲ್ಲ. ಏಪ್ರಿಲ್‌ನಲ್ಲಿ ಒಂದು ದಿನ ಅಂಗಿಯಿಲ್ಲದೆ ಗಡ್ಡ ಹೆರೆಯುತ್ತ ನಿಂತಿದ್ದವನ ತೊಟ್ಟು ಒಳಕ್ಕೆ ಎಳೆದುಕೊಂಡಂತೆ ಕಂಡಿತು. ಕೇಳಿದರೆ, “ವಯಸ್ಸಾಯ್ತಲ್ಲ ಮಗಳೇ, ಎಲ್ಲಾ ಒಳಗ್ ಹೋಗ್ತದೆ” ಎಂದ. ಅಂಗಿ ತೊಡಿಸಿ ಪಟ್ಟಣದ ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆ ಮಾಡಿದರು. ಅದೇ ಆಗಿತ್ತು.

ಸರ್ಜನ್ ಒಳ್ಳೆಯ ಹೆಂಗಸು. ಎರಡು ದಾರಿಯನ್ನೂ ನಿಧಾನವಾಗಿ ಬಿಡಿಸಿ ಹೇಳಿದಳು. ಗಂಟನ್ನಷ್ಟೇ ತೆಗೆದರೆ ಆಮೇಲೆ ವಾರಗಟ್ಟಲೆ ಪಟ್ಟಣದಲ್ಲಿದ್ದು ದಿನಾ ವಿಕಿರಣ ತೆಗೆದುಕೊಳ್ಳಬೇಕು. ಆ ಕಡೆಯ ಎದೆಯನ್ನು ಪೂರ್ತಿ ತೆಗೆದರೆ ಬಹುಶಃ ವಿಕಿರಣ ಬೇಕಾಗಲಿಕ್ಕಿಲ್ಲ. ಗಂಡಸರಲ್ಲಿ ಅಲ್ಲಿ ಉಳಿಸಲು ಹೆಚ್ಚೇನೂ ಇರುವುದಿಲ್ಲವಾದ್ದರಿಂದ ಸಾಮಾನ್ಯವಾಗಿ ಹಾಗೇ ಮಾಡುತ್ತಾರೆ. ಕಂಕುಳಲ್ಲಿ ರೋಗ ಮೊದಲು ತಲುಪುವ ಗ್ರಂಥಿಗಳನ್ನು ತೆಗೆದು ನೋಡುತ್ತಾರೆ. ಹರಡಿದ್ದರೆ ಕೀಮೋ ಬೇಕೋ ಎಂದು ಆಗ ಯೋಚಿಸುವುದು. ರೋಗಕ್ಕೆ ಹಾರ್ಮೋನಿನಿಂದ ಬಲ ಸಿಗುವುದನ್ನು ತಡೆಯಲು ದಿನಕ್ಕೊಂದು ಮಾತ್ರೆ, ವರ್ಷಗಟ್ಟಲೆ. ಇಷ್ಟು ಹೇಳಿ ಅವಳು ಅಪ್ಪನ ಕಡೆ ತಿರುಗಿ, “ನಿಮಗೇನನ್ಸುತ್ತೆ, ಮರ್ಡಾಕ್?” ಎಂದಳು. ಉತ್ತರ ಕೊಟ್ಟವಳು ನಾನು! ಎಲ್ಲೆಲ್ಲಿ ಓದಿದ್ದೆನೋ ಅದನ್ನೆಲ್ಲ ಅವಳ ಮೇಜಿನ ಮೇಲೆ ಸುರಿದೆ. ಅಪ್ಪ ಟೋಪಿಯನ್ನು ಮೊಣಕಾಲ ಮೇಲೆ ತಿರುಗಿಸುತ್ತ ಕೂತಿದ್ದ. ಕೊನೆಗೆ, “ಇವಳ ಮಾತಿನ ಸೀಸನ್ ಮುಗುದ್ರೆ, ನಾನೊಂದ್ ಮಾತ್ ಹೇಳ್ತೀನಿ. ಪೂರ್ತಿ ತೆಗುದ್ಬಿಡಿ” ಎಂದ. ಈ ತಿಂಗಳ ಕೊನೆಯ ಶುಕ್ರವಾರಕ್ಕೆ ದಿನ ಗೊತ್ತಾಯಿತು.

ಅಲ್ಲಿಗೆ ಸುಮ್ಮನಿರಬಹುದಿತ್ತು. ಆದರೆ ನಾಚಿಕೆಯೇ ಈ ರೋಗದ ಜೊತೆಗಾರ, ಅದನ್ನು ಬಯಲಿಗೆಳೆದರೆ ಅರ್ಧ ಗೆದ್ದಂತೆ ಎಂದು ಓದಿದ್ದೆ. ಈಗಲೂ ಅದು ನಿಜವೆಂದೇ ನಂಬಿದ್ದೇನೆ. ಆದರೆ ನಾನು ಬಯಲಿಗೆಳೆದದ್ದು ಅಪ್ಪನನ್ನು. ಊರಿನಲ್ಲಿ ಯಾರಿಗೆ ಕಾಯಿಲೆಯಾದರೂ ಅಗ್ನಿಶಾಮಕ ದಳದ ಹಾಲ್‌ನಲ್ಲಿ ಹಣ ಕೂಡಿಸಲು ಸಹಾಯದೂಟ ಹಾಕುತ್ತೇವಲ್ಲ, ಅದನ್ನು ನಾನೇ ಏರ್ಪಡಿಸಿದೆ. ಎಲ್ಲರ ಭಿತ್ತಿಪತ್ರದಲ್ಲೂ ಬರೀ ಹೆಸರು ಮತ್ತು ಫೋಟೋ ಇರುತ್ತದೆ. ನಾನು ದಪ್ಪ ಅಕ್ಷರದಲ್ಲಿ ‘ಮರ್ಡಾಕ್ ಮೆಕ್‌ಈಕನ್‌ನ ಸ್ತನ ಕ್ಯಾನ್ಸರಿಗಾಗಿ’ ಎಂದು ಬರೆದು, ಗುಲಾಬಿ ಅಂಚು ಹಾಕಿ, ಅಂಗಡಿಯ ಬಾಗಿಲಿಗೂ ದಕ್ಕೆಯ ಐಸ್ ಮನೆಗೂ ಅಂಟಿಸಿ ಬಂದೆ. ಅಪ್ಪನನ್ನು ಕೇಳಲಿಲ್ಲ.

ಎರಡು ದಿನ ಬಿಟ್ಟು ಬೆಳಿಗ್ಗೆ ಅಪ್ಪ ಮರೆತು ಹೋಗಿದ್ದ ಬುತ್ತಿ ಕೊಡಲು ದಕ್ಕೆಗೆ ಹೋದರೆ, ನಮ್ಮ ಬೋಟಿನ ಆಂಟೆನಾದ ತುದಿಯಲ್ಲಿ ಬಾವುಟದ ಹಾಗೆ ಒಂದು ದೊಡ್ಡ ಕೆಂಪು ಬ್ರಾ ಹಾರಾಡುತ್ತಿತ್ತು. ಬೋಟಿನ ಮೇಲೆ ಯಾರೂ ಇರಲಿಲ್ಲ, ಐಸ್ ಮನೆಯೊಳಗೆ ಗಂಡಸರು ಹೊಟ್ಟೆ ಹಿಡಿದುಕೊಂಡು ನಗುವುದು ಮಾತ್ರ ಕೇಳುತ್ತಿತ್ತು. ಹತ್ತಿ ಅದನ್ನು ಕಿತ್ತು ಬುತ್ತಿಚೀಲಕ್ಕೆ ತುರುಕಿದೆ. ಹಿಂದಿನ ವಾರದ ಶನಿವಾರ ಸಹಾಯದೂಟದ ಹೊತ್ತಿಗೆ ಎಲ್ಲರ ಮುಂದೆ ಚೌಡರ್ ಸೂಪಿನ ಬಟ್ಟಲು ಇರುವಾಗ ಮೈಕ್ ಹಿಡಿದು ಬ್ರಾ ಎತ್ತಿ ತೋರಿಸಿದೆ. ಸಾಯಬಹುದಾದ ಮನುಷ್ಯನನ್ನು ಗೇಲಿ ಮಾಡುವ ನೀವು ಗಂಡಸರೇ ಎಂದೆ. ಇನ್ನೂ ಏನೇನೋ ಅಂದೆ, ಅಂಕಿಸಂಖ್ಯೆಯ ಸಮೇತ. ವೆಂಡೆಲ್ ರ‍್ಯಾಂಕಿನ್, ಅಪ್ಪನ ಜೊತೆ ಮೀಸೆ ಬರುವ ಮೊದಲಿನಿಂದ ಕಡಲಿಗೆ ಹೋದವನು, ತಲೆ ತಗ್ಗಿಸಿ ತಟ್ಟೆಯನ್ನೇ ನೋಡುತ್ತಿದ್ದ. ಹೊರಡುವಾಗ ಗಂಡಸರೆಲ್ಲ ಸಾಲಾಗಿ ಬಂದು, ಸಾವಿನ ಮನೆಯಲ್ಲಿ ಮಾಡುವಂತೆ, ಅಪ್ಪನ ಕೈ ಹಿಡಿದು ಹೋದರು.

ಆಮೇಲೆ ದಕ್ಕೆಯಲ್ಲಿ ಅಪ್ಪ ಬಂದರೆ ಮಾತು ನಿಲ್ಲುತ್ತದೆ. ಅವನ ಪೆಟ್ಟಿಗೆಗಳನ್ನು ಅವರೇ ಎತ್ತಿಕೊಡುತ್ತಾರೆ, ಹಗ್ಗ ಅವರೇ ಕಟ್ಟುತ್ತಾರೆ. ಯಾರೂ ಅವನನ್ನು ಮುದುಕಾ ಎನ್ನುವುದಿಲ್ಲ. ಮಂಗಳವಾರದಿಂದ ಅಪ್ಪ ಕಡಲಿಗೇ ಹೋಗಿಲ್ಲ, ಅಡುಗೆಮನೆಯ ಕಿಟಕಿ ಬಳಿ ಕೂತಿರುತ್ತಾನೆ. ಆಪರೇಷನ್ನಿನ ಮಾತೆತ್ತಿದರೆ, “ಲಾಬ್‌ಸ್ಟರ್ ಸೀಸನ್ ಮುಗೀಲಿ” ಎನ್ನುತ್ತಾನೆ. ಕಡಲಿಗೆ ಹೋಗದವನಿಗೆ ಯಾವ ಸೀಸನ್ ಅಣ್ಣಾ?

ಜಗಳ ಮಾಡಲೆಂದೇ ವೆಂಡೆಲ್ ಮನೆಗೆ ಹೋದೆ. ಅವನು ಬಾಗಿಲಲ್ಲೇ ನಿಂತು ಹೇಳಿದ: “ರೋನಾ, ಅದನ್ನ ನೋಡಿ ನಿಮ್ಮಪ್ಪ ಏನಂದ ಗೊತ್ತೇನೇ? ‘ವೆಂಡೆಲಾ, ನಿನ್ ಹೆಂಡ್ತಿ ಮನೆತುಂಬ ಹುಡುಕ್ತಿರ್ತಾಳೆ, ಕೊಟ್ ಬಾರೋ’ ಅಂದ. ನೀನ್ ಆ ಕಾಗದ ಅಂಟಿಸ್ದಾಗಿಂದ ಮುಖ ಎತ್ತಿರ್ಲಿಲ್ಲ, ಅವತ್ತೇ ನಮ್ ಜೊತೆ ನಕ್ಕಿದ್ದು. ಈಗ ನಾನು ಅವನ್ ಹತ್ರ ಏನ್ ಮಾತಾಡ್ಲಿ? ಹವಾಮಾನವಾ?” ಆ ಬ್ರಾ ಒಳ್ಳೆಯ ತಮಾಷೆ ಎಂದು ನಾನು ಈಗಲೂ ಒಪ್ಪುವುದಿಲ್ಲ. ಆದರೆ ಅದು ಅಪ್ಪನಿಗೆ ಕಟ್ಟಿದ್ದು, ನನಗಲ್ಲ. ಅಂಗಡಿಗೆ ಹೋಗಲೂ ನಾಚಿಕೆ. ಕರಪತ್ರದ ಕಟ್ಟುಗಳನ್ನು ಹಾಸಿಗೆಯ ಕೆಳಗೆ ತಳ್ಳಿದ್ದೇನೆ.

ಬೆನ್ನಿಗೆ ಬಿಸಿನೀರಿನ ಶಾಖ ಕೊಟ್ಟುಕೋ, ಭಾರ ಎತ್ತುವಾಗ ಮೊಣಕಾಲು ಮಡಚು. ಅತ್ತಿಗೆಗೆ ನನ್ನ ನೆನಪು ಹೇಳು, ಪುಟ್ಟಿಗೆ ಎರಡೂ ಕೆನ್ನೆಗೆ ಮುತ್ತು. ಬಯ್ಯುವುದಿದ್ದರೆ ನನಗೆ ಬಯ್ಯಿ, ಅಪ್ಪನಿಗೆ ಬೇಡ.

ನಿನ್ನ ತಂಗಿ,
ರೋನಾ

ತಾ.ಕ.: ಬರೆಯುವುದೋ ಬೇಡವೋ ಎಂದು ಇಷ್ಟು ಹೊತ್ತು ಸುತ್ತಿ ಬಳಸಿದೆ. ಅಪ್ಪನ ರಕ್ತಪರೀಕ್ಷೆಯ ಫಲಿತಾಂಶ ಸೋಮವಾರ ಬಂತು. ಈ ರೋಗ ತರಬಲ್ಲ ಜೀನ್ ದೋಷವೊಂದು ಅವನ ಹುಟ್ಟಿನಲ್ಲೇ ಇದೆ. ಅದು ನಮಗಿಬ್ಬರಿಗೂ ಬಂದಿರಬಹುದು, ಬರದೆಯೂ ಇರಬಹುದು, ಎರಡಕ್ಕೂ ಸಮನಾದ ಸಾಧ್ಯತೆ. ನಾನು ರಕ್ತ ಕೊಟ್ಟು ಬಂದಿದ್ದೇನೆ. ನೀನೂ ಅಲ್ಲಿನ ಡಾಕ್ಟರಿಗೆ ಹೇಳಿ ಕೊಡು, ಗಂಡಸು ಎಂದು ಬಿಡಬೇಡ, ನಿನಗೆ ಮಗಳಿದ್ದಾಳೆ. ಸುದ್ದಿ ಕೇಳಿ ಅಪ್ಪ ಟೋಪಿ ತೆಗೆದ, ಮತ್ತೆ ಹಾಕಿಕೊಂಡ, “ಲಾಕಿಗ್ ಹೇಳ್ಬೇಡ” ಎಂದ. ಕಿಟಕಿ ಬಳಿ ಕೂತದ್ದು ಮರುದಿನದಿಂದ. ಎದೆಗಾಗಿ ಅಲ್ಲ ಅವನಿಗೆ ನಾಚಿಕೆ, ನಿನಗೂ ಇದನ್ನು ಕೊಟ್ಟಿರಬಹುದೆಂದು. ಅದಕ್ಕೇ ರಕ್ತ ಕೊಟ್ಟ ದಿನವೇ ಅವನಿಗೆ ಫೋನ್ ಮಾಡು. ಸಮಾಧಾನ ಹೇಳಬೇಡ. “ಬೋಟ್ ಕೊಡ್ತೀಯ ಅಂದ್ಕೊಂಡಿದ್ರೆ ಇದನ್ನ ಕೊಟ್ಯಾ ಮುದುಕಾ? ಹೋಗಿ ಕೊಯ್ಸ್ಕೋ, ನಾನ್ ರಜಾ ಹಾಕಿ ಬರ್ತಿದೀನಿ” ಎಂದು ಚೆನ್ನಾಗಿ ಜಾಡಿಸು. ನಾನೂ ಹಾಗೆ ಅಂದು ನೋಡಿದೆ, ನನ್ನ ಬಾಯಲ್ಲಿ ಅದು ಕರಪತ್ರದ ಹಾಗೇ ಕೇಳಿತು. ಬ್ರಾ ಒಗೆದು ಒಣಗಿಸಿದ್ದೇನೆ. ನಾಳೆ ವೆಂಡೆಲ್‌ಗೆ ವಾಪಸು ಕೊಡುತ್ತೇನೆ. ಎಲ್ಲಿ ಕಟ್ಟುತ್ತಾನೋ ಕಟ್ಟಲಿ, ಅಪ್ಪ ಮತ್ತೆ ಕಡಲಿಗೆ ಹೊರಟರೆ ನಾನು ಬುತ್ತಿ ಇಟ್ಟು ಬಂದುಬಿಡುತ್ತೇನೆ.