ನೆಲ ಒರೆಸುವ ಸರದಿ

ಮಂಗಳವಾರ, ೧೨ ಮಾರ್ಚ್

ಅಮ್ಮ,

ನಮಸ್ಕಾರ ಎಂದು ಬರೆಯಹೊರಟವಳು ಪೆನ್ನು ತಡೆದೆ. ನಮ್ಮಿಬ್ಬರ ಮಾತು ನಿಂತಿದ್ದೇ ಒಂದು ನಮಸ್ಕಾರದಿಂದ. ಮೂರು ತಿಂಗಳ ಹಿಂದೆ ನೀನು ಆಸ್ಪತ್ರೆಯ ಪಾಳಿ ಮುಗಿಸಿ, ನೆಲ ಒರೆಸುವ ನೀಲಿ ಅಂಗಿಯಲ್ಲೇ ನನ್ನ ಕರಾಟೆ ಶಾಲೆಗೆ ಬಂದೆ. ಬಂದ ಹಾಗೇ ಹೊರಟೂ ಹೋದೆ. ಆಮೇಲೆ ತಂಗಿಯ ಕೈಲಿ ಹೇಳಿಕಳಿಸಿದೆ: "ಮೂವತ್ತು ವರ್ಷ ಯಾವ ಸೂಪರ್‌ವೈಸರ್ ಮುಂದೇನೂ ನಾನು ಬಗ್ಗಲಿಲ್ಲ. ಇವಳು ಫೀಸು ಕಟ್ಟಿ ಬಗ್ತಾಳೆ. ನೋಡೋಕಾಗಲಿಲ್ಲ, ಬಂದುಬಿಟ್ಟೆ."

ಅಲ್ಲಿ ಬಾಗುವುದು ಬೇರೆ, ಅಮ್ಮ. ಮಂಡಿಯೂರಿ ನಾನೆಷ್ಟು ಬಾಗುತ್ತೇನೋ ಮೇಷ್ಟರೂ ಅಷ್ಟೇ ಬಾಗುತ್ತಾರೆ. ಮುಷ್ಟಿ ಎತ್ತುವ ಮೊದಲು, ಎದುರಿಗಿರುವವನೂ ನನ್ನಂತೆ ನೋವಾಗುವ ಮನುಷ್ಯ ಎಂದು ಒಪ್ಪಿಕೊಳ್ಳುವ ರೀತಿ ಅದು. ನಿನ್ನ ಸೂಪರ್‌ವೈಸರ್ ಒಂದೇ ಒಂದು ದಿನ ತಿರುಗಿ ಬಾಗಿದ್ದರೆ ನಿಮ್ಮ ಯೂನಿಯನ್ನಿಗೆ ಅರ್ಧ ಕೆಲಸ ಉಳಿಯುತ್ತಿತ್ತು.

ಆದರೆ ನಮ್ಮಲ್ಲೂ ಸುಳ್ಳಿತ್ತು. ಅಭ್ಯಾಸ ಮುಗಿದ ಮೇಲೆ ಎಲ್ಲರೂ ಸಾಲಾಗಿ, ಒದ್ದೆ ಬಟ್ಟೆಯ ಮೇಲೆ ಎರಡೂ ಅಂಗೈ ಊರಿ, ಗೋಡೆಯಿಂದ ಗೋಡೆಗೆ ನೆಲ ಒರೆಸಬೇಕು. ಮೊದಲ ಸಾಲಿನಲ್ಲಿ ಮೇಷ್ಟರು. ನಿಯಮ ಚೌಕಟ್ಟಿನಲ್ಲಿ ಗೋಡೆಗಿದೆ. ಹೊಸ ಮರದ ನೆಲ ಹಾಕಿಸಿದ ವರ್ಷ ಒಬ್ಬ ಹೆಂಗಸನ್ನು ಇಟ್ಟುಕೊಂಡರು. ನಿಯಮ ಗೋಡೆಯಲ್ಲೇ ಉಳಿಯಿತು, ಬಟ್ಟೆ ಮಾತ್ರ ಆಕೆಯ ಕೈಗೆ ಹೋಯಿತು. ಆಕೆಗೆ ನಾವಿಟ್ಟ ಹೆಸರು ಬಕೆಟ್ ಅಕ್ಕ. ಗೋಡೆಗೆ, ಮೇಷ್ಟರಿಗೆ, ಪರಸ್ಪರ ಬಾಗಿ, ಮೆಟ್ಟಿಲ ಮೇಲೆ ಕಾದು ಕೂತ ಆಕೆಯನ್ನು ಕಣ್ಣೆತ್ತಿಯೂ ನೋಡದೆ ದಾಟುತ್ತಿದ್ದೆವು. ನಾನೂ ಅಷ್ಟೇ.

ಮೊನ್ನೆ ಭಾನುವಾರ ನನಗೆ ಕಪ್ಪು ಬೆಲ್ಟು ಸಿಕ್ಕಿತು. ಏಳು ವರ್ಷದ ಬೆವರು. ಏನು ಕಲಿತೆ ಹೇಳು ಎಂದರು ಮೇಷ್ಟರು. "ನಿಯಮ ಗೋಡೆ ಮೇಲಿದೆ, ನೆಲ ಒರೆಸೋದು ಆಕೆ. ಕಲಿತಿದ್ದೇನು ಅಂತ ನನಗೂ ಗೊತ್ತಾಗ್ತಿಲ್ಲ ಸಾರ್" ಎಂದು ಹೇಳಿ, ಆಕೆಯ ಬಕೆಟ್ ಎಳೆದುಕೊಂಡು ಒರೆಸತೊಡಗಿದೆ. "ಬೆಲ್ಟ್ ಬಂತು, ತಲೆ ಹೋಯ್ತು" ಎಂದು ಸೀನಿಯರ್ ಒಬ್ಬ ನಕ್ಕ. ಮೇಷ್ಟರು ನಗಲಿಲ್ಲ. ಮಂಡಿ ಲಟಲಟ ಎನ್ನಿಸುತ್ತ ನನ್ನ ಪಕ್ಕಕ್ಕೆ ಇಳಿದರು. ಆಮೇಲೆ ಎಲ್ಲರೂ ಇಳಿದರು. "ಇನ್ಮೇಲೆ ನಾವೇ" ಎಂದರು ಮೇಷ್ಟರು. ಚಪ್ಪಾಳೆ. ನಾನು ಉಬ್ಬಿಹೋದೆ.

ಬಕೆಟ್ ಅಕ್ಕನಿಗೆ ಅವರು ನಾಳೆಯಿಂದ ಬರಬೇಡಿ ಎಂದರು. ಬಾಗಿ, ಬಹಳ ಮರ್ಯಾದೆಯಿಂದ.

ಗೇಟಿನ ಬಳಿ ಆಕೆ ನನ್ನನ್ನು ನಿಲ್ಲಿಸಿ ಕೇಳಿದಳು: "ನಿಮ್ಮ ಮರ್ಯಾದೆ ಪಾಠಕ್ಕೆ ನನ್ನ ಅನ್ನಾನೇ ಬೇಕಿತ್ತಾ ತಾಯಿ? ನನ್ನನ್ನೊಂದು ಮಾತು ಕೇಳಿದ್ಯಾ?"

ಕೇಳಿರಲಿಲ್ಲ. ನಿನ್ನ ಮೆರವಣಿಗೆಗಳಲ್ಲಿ ನಿನ್ನ ಹೆಗಲ ಮೇಲೆ ಕೂತು ಘೋಷಣೆ ಕಲಿತವಳು ನಾನು. ಆಕೆಯ ಪರವಾಗಿ ಎದ್ದೆ, ಆಕೆಯ ಹೊಟ್ಟೆಯ ಮೇಲೇ ಹೊಡೆದೆ.

ನಿನ್ನೆ ಮೇಷ್ಟರ ಹತ್ತಿರ ಹೋದೆ. ಬೀಗದ ಕೈ ನೋಡಿಕೊಳ್ಳಲು, ಪರದೆ-ಚಾಪೆ ಒಗೆಯಲು ಜನ ಬೇಕೇ ಬೇಕು, ಅದೇ ಸಂಬಳಕ್ಕೆ ಆಕೆಯನ್ನು ಕರೆಯಿರಿ ಎಂದೆ. "ಶುರು ಮಾಡಿದ್ದು ನೀನೇ ಅಲ್ವೇನಮ್ಮ" ಎಂದರು. "ಅರ್ಧ ಮಾಡಿದ್ದೆ ಸಾರ್. ಉಳಿದರ್ಧ ಮಾಡೋಕೆ ಬಂದಿದ್ದೀನಿ." ಬೆಲ್ಟು ಮಡಚಿ ಅವರ ಮುಂದೆ ನೆಲಕ್ಕಿಟ್ಟೆ, ಆಕೆ ಬರುವವರೆಗೆ ಹೊಸಬರ ಸಾಲಿನ ಕೊನೆಯಲ್ಲಿ ನಿಲ್ಲುತ್ತೇನೆ ಎಂದೆ. ಅವರು ಬಾಗಿದರು. ನಾನೂ ಬಾಗಿದೆ. ಉತ್ತರ ಇನ್ನೂ ಬಂದಿಲ್ಲ.

ಗುರುವಾರ ಸಂಜೆ ಆಕೆಯನ್ನು ನಿನ್ನ ಯೂನಿಯನ್ ಆಫೀಸಿಗೆ ಕರೆತರುತ್ತೇನೆ. ಈ ಸಲ ಆಕೆಯನ್ನು ಕೇಳಿಯೇ ಬರೆಯುತ್ತಿದ್ದೇನೆ. ನೀನು ಇರು.

ನಿನ್ನ ದೊಡ್ಡ ಮಗಳು

ಮರೆತದ್ದಲ್ಲ, ಬರೆಯಲು ಹೆದರಿದ್ದು: ಅವತ್ತು ನಾವು ಬಾಗುವ ಹೊತ್ತಿಗೆ ನೀನು ಆಗಲೇ ಗೇಟು ದಾಟಿದ್ದೆ. ಅದಕ್ಕೂ ಮೊದಲೇ, ಬಾಗಿಲಲ್ಲಿ ನಿಂತ ನೀಲಿ ಅಂಗಿಯವಳು ಯಾರು ಎಂದು ಪಕ್ಕದವನು ಕೇಳಿದ್ದ. "ಯಾರೋ ಕ್ಲೀನಿಂಗ್‌ನೋರು" ಎಂದೆ. ಒಳಗೆ ಬರಲು ಒಂದು ಚಪ್ಪಲಿ ಬಿಟ್ಟಿದ್ದ ನೀನು ಅದು ಕೇಳಿಸಿ ಮತ್ತೆ ಮೆಟ್ಟಿಕೊಂಡೆ. ಬಾಗಿದ್ದಕ್ಕೆ ಕೋಪ ಎಂದು ಹೇಳಿಕಳಿಸಿ ನನ್ನ ಮಾನ ಉಳಿಸಿದೆ. ಗುರುವಾರ ಆ ಅಂಗಿಯಲ್ಲೇ ಇರು. ಇವರು ಯಾರು ಎಂದು ಬಕೆಟ್ ಅಕ್ಕ ಕೇಳಿದರೆ ಸರಿಯಾಗಿ ಹೇಳುತ್ತೇನೆ.